ಮೂರು ತಿಂಗಳ ಮಗುವಿನ ರಕ್ತದಲ್ಲಿ ಅಷ್ಟೊಂದು ಟೆಸ್ಟೋಸ್ಟೆರಾನ್ ಯಾಕೆ?

ಹೊಸ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಮೂರು ತಿಂಗಳು. ಹುಟ್ಟಿದಾಗಿನಿಂದ ಬಲಗಡೆಯ ಬೀಜ ಚೀಲಕ್ಕೆ ಇಳಿದಿಲ್ಲ. ಎಡಗಡೆಯದು ಸರಿಯಾಗಿದೆ. ಮೊನ್ನೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟಿನಲ್ಲಿ ಟೆಸ್ಟೋಸ್ಟೆರಾನ್ ಎಷ್ಟಿದೆ ಎಂದು ನೋಡಿ ಗಾಬರಿ ಆಯಿತು. ಮೀಸೆ ಮೂಡುತ್ತಿರುವ ಹುಡುಗನಿಗೆ ಇರುವಷ್ಟು ಇತ್ತು. ಡಾಕ್ಟರನ್ನು ಕೇಳಿದೆ. "ಈ ವಯಸ್ಸಿಗೆ ಹೀಗೇ ಇರಬೇಕು, ಇಲ್ಲದಿದ್ದರೆ ಯೋಚನೆ ಮಾಡಬೇಕಿತ್ತು" ಎಂದರು. ಹೊರಗೆ ಜನ ಕಾಯುತ್ತಿದ್ದರು, ಜಾಸ್ತಿ ಕೇಳಲು ಆಗಲಿಲ್ಲ.

ಮನೆಗೆ ಬಂದ ಮೇಲೆ ತಲೆಯಲ್ಲಿ ಅದೇ ಕೊರೆಯುತ್ತಿದೆ. ಹಾಲು ಕುಡಿಯುವ ಮಗುವಿಗೆ ಅಷ್ಟು ಗಂಡು ಹಾರ್ಮೋನು ಯಾಕೆ ಬೇಕು? ಅಷ್ಟು ಇದ್ದ ಮೇಲೆ ವೀರ್ಯಾಣು ಯಾಕೆ ಹುಟ್ಟುವುದಿಲ್ಲ? ಮುಂದೆ ಅಪ್ಪ ಆಗುವುದಕ್ಕೆ ಬೇಕಾದ ಕೋಶಗಳು ಈಗಲೇ ಅಲ್ಲಿ ಇರುತ್ತವಾ, ಇಲ್ಲ ದೊಡ್ಡವನಾದ ಮೇಲೆ ಬರುತ್ತವಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಹಳೇ_ಮೇಷ್ಟ್ರು

ಮೇಡಂ, ನಾನು ಜೀವಶಾಸ್ತ್ರ ಪಾಠ ಹೇಳುವವನು, ವೈದ್ಯನಲ್ಲ. ಮಗುವಿನ ಚಿಕಿತ್ಸೆಯ ಬಗ್ಗೆ ನಿಮ್ಮ ಡಾಕ್ಟರ ಮಾತೇ ಕೊನೆ. ಆದರೆ ನಿಮ್ಮ ಪ್ರಶ್ನೆ ತುಂಬಾ ಒಳ್ಳೆಯದು. ಕೊನೆಯದರಿಂದ ಶುರು ಮಾಡುತ್ತೇನೆ.

ಹೌದು, ಆ ಕೋಶಗಳು ಈಗಲೇ ಇವೆ. ಈಗಲ್ಲ, ನೀವು ಬಸಿರು ಎಂದು ತಿಳಿಯುವ ಹೊತ್ತಿಗೇ ಇದ್ದವು. ಅವಕ್ಕೆ ಜರ್ಮ್ ಕೋಶ ಎನ್ನುತ್ತಾರೆ. ಭ್ರೂಣಕ್ಕೆ ಮೂರು ವಾರ ಆದಾಗ ಅವು ಭ್ರೂಣದ ಆಚೆ, ಯೋಕ್ ಸ್ಯಾಕ್ ಎಂಬ ಚೀಲದ ಗೋಡೆಯಲ್ಲಿ ಕಾಣಿಸುತ್ತವೆ. ವೃಷಣ ಎಂಬುದು ಆಗ ಇನ್ನೂ ಹುಟ್ಟಿಯೇ ಇಲ್ಲ. ಆಮೇಲೆ ಅವು ಕರುಳಿನ ಗೋಡೆ ಹಿಡಿದು ತೆವಳುತ್ತಾ, ದಾರಿಯುದ್ದಕ್ಕೂ ಎರಡು ನಾಲ್ಕಾಗುತ್ತಾ ಬಂದು, ಐದಾರು ವಾರದ ಹೊತ್ತಿಗೆ ವೃಷಣವೋ ಅಂಡಾಶಯವೋ ಆಗಬೇಕಾದ ಜಾಗಕ್ಕೆ ಸೇರುತ್ತವೆ.

ಬಂದು ಸೇರಿದಾಗ ಅವಕ್ಕೆ ತಾವು ಏನಾಗಬೇಕು ಎಂಬುದು ಇನ್ನೂ ತೀರ್ಮಾನ ಆಗಿರುವುದಿಲ್ಲ. ವೈ ವರ್ಣತಂತುವಿನ ಎಸ್‌ಆರ್‌ವೈ ಎಂಬ ಜೀನ್ ಅಕ್ಕಪಕ್ಕದ ಕೋಶಗಳಲ್ಲಿ ಎಚ್ಚರವಾಗುತ್ತದೆ. ಈ ಜೀನ್ ಸಿಕ್ಕಿದ್ದು 1990ರಲ್ಲಿ. ಅದು ಎಚ್ಚರವಾದ ಕೋಶಗಳು ಸರ್ಟೋಲಿ ಕೋಶಗಳಾಗುತ್ತವೆ. ಅವು ಜರ್ಮ್ ಕೋಶಗಳನ್ನು ಸುತ್ತುವರಿದು ಹುರಿಯಂತೆ ಸಾಲುಗಟ್ಟುತ್ತವೆ. ಈ ಹುರಿಗಳೇ ಮುಂದೆ ವೀರ್ಯಾಣು ತಯಾರಾಗುವ ನಳಿಕೆಗಳು. ನಳಿಕೆಗಳ ನಡುವಿನ ಜಾಗದಲ್ಲಿ ಲೇಡಿಗ್ ಕೋಶಗಳು ಹುಟ್ಟಿ ಎಂಟನೇ ವಾರದ ಸುಮಾರಿಗೆ ಟೆಸ್ಟೋಸ್ಟೆರಾನ್ ಮಾಡಲು ಶುರು ಮಾಡುತ್ತವೆ. ಫ್ರಾಂಜ್ ಲೇಡಿಗ್ ಎಂಬ ವಿಜ್ಞಾನಿ ಅವುಗಳನ್ನು ವರ್ಣಿಸಿದ್ದು 1850ರಲ್ಲಿ, ಎನ್ರಿಕೋ ಸರ್ಟೋಲಿ ತನ್ನ ಕೋಶಗಳನ್ನು ವರ್ಣಿಸಿದ್ದು 1865ರಲ್ಲಿ. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇವರದ್ದೇ.

ಈಗ ಮೂರು ತಿಂಗಳ ಮಗುವಿನ ಮಾತು. ಗರ್ಭದಲ್ಲಿರುವಾಗ ಮಾಸಿನಿಂದ ಬರುವ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು, ಮಗುವಿನ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಅದುಮಿ ಹಿಡಿದಿರುತ್ತದೆ. ಹುಟ್ಟಿದ ಕೂಡಲೇ ಮಾಸಿನ ಸಂಬಂಧ ಕಡಿಯುತ್ತದೆ. ಒಂದು ವಾರದೊಳಗೆ ಪಿಟ್ಯುಟರಿ ಎದ್ದು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಬಿಡುತ್ತದೆ. ಎಲ್‌ಎಚ್ ಹೋಗಿ ಲೇಡಿಗ್ ಕೋಶವನ್ನು ಎಬ್ಬಿಸುತ್ತದೆ. ಟೆಸ್ಟೋಸ್ಟೆರಾನ್ ಏರುತ್ತದೆ. ಒಂದರಿಂದ ಮೂರು ತಿಂಗಳ ನಡುವೆ ತುದಿ ಮುಟ್ಟಿ, ಆರು ತಿಂಗಳ ಹೊತ್ತಿಗೆ ಮತ್ತೆ ತಳಕ್ಕೆ ಇಳಿಯುತ್ತದೆ. ಇದಕ್ಕೆ ಮಿನಿಪ್ಯೂಬರ್ಟಿ ಎನ್ನುತ್ತಾರೆ. ಪುಟ್ಟ ಹರೆಯ ಅನ್ನಬಹುದು. ನಿಮ್ಮ ರಿಪೋರ್ಟು ಸರಿಯಾಗಿ ಆ ತುದಿಯಲ್ಲಿದೆ. ಅಂದರೆ ಮಗನ ಮೆದುಳು, ಪಿಟ್ಯುಟರಿ, ವೃಷಣ ಮೂರೂ ಒಂದಕ್ಕೊಂದು ಮಾತಾಡುತ್ತಿವೆ. ಖುಷಿಪಡುವ ವಿಷಯ.

ಹಾಗಾದರೆ ವೀರ್ಯಾಣು ಯಾಕಿಲ್ಲ? ಟೆಸ್ಟೋಸ್ಟೆರಾನ್ ಕೂಗುತ್ತಿದೆ, ಸರ್ಟೋಲಿ ಕೋಶಕ್ಕೆ ಇನ್ನೂ ಕಿವಿ ಬಂದಿಲ್ಲ. ಆ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಎಳೆ ಮಗುವಿನ ಸರ್ಟೋಲಿ ಕೋಶಗಳಲ್ಲಿ ಹೆಚ್ಚು ಕಡಿಮೆ ಇರುವುದೇ ಇಲ್ಲ. ಒಂದು ವರ್ಷ ಕಳೆದ ಮೇಲೆ ನಿಧಾನವಾಗಿ ಕಾಣಿಸಿಕೊಂಡು, ಎಂಟು ವರ್ಷದ ಹೊತ್ತಿಗೆ ಹೆಚ್ಚಿನ ಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ಹರೆಯದಲ್ಲಿ ಅದೇ ಹಾರ್ಮೋನು ಮತ್ತೆ ಕೂಗಿದಾಗ ಕೆಲಸ ಶುರುವಾಗುತ್ತದೆ.

ಕಿಟಕಿ_ಸೀಟು

ಮೇಷ್ಟ್ರೇ, ಒಂದು ಅನುಮಾನ. ವೀರ್ಯಾಣು ಆಗಬೇಕಾದ್ದು ಜರ್ಮ್ ಕೋಶ. ನೀವು ಸರ್ಟೋಲಿ ಕೋಶದ ಕಿವಿಯ ಬಗ್ಗೆ ಹೇಳುತ್ತಿದ್ದೀರಿ. ಜರ್ಮ್ ಕೋಶಕ್ಕೇ ನೇರವಾಗಿ ಹಾರ್ಮೋನು ಕೇಳಿಸುವುದಿಲ್ವಾ?

ಇಲಿಮನೆ

ಇದಕ್ಕೆ ನಾನು ಉತ್ತರ ಹೇಳಲಾ? ಇಲಿಯ ವೃಷಣದ ಮೇಲೆ ಕೆಲಸ ಮಾಡುವುದೇ ನನ್ನ ದಿನದ ಕೆಲಸ. ಈ ಎಳೆ ಕಂಡಾಗ ಸುಮ್ನೆ ಇರಲು ಆಗಲಿಲ್ಲ.

ಕೇಳಿಸುವುದಿಲ್ಲ. ಟೆಸ್ಟೋಸ್ಟೆರಾನ್ ಆಗಲಿ ಎಫ್‌ಎಸ್‌ಎಚ್ ಆಗಲಿ ಜರ್ಮ್ ಕೋಶದ ಜೊತೆ ನೇರ ಮಾತಾಡುವುದಿಲ್ಲ. ಪರೀಕ್ಷೆ ಮಾಡಿ ನೋಡಿದ್ದಾರೆ. ಇಲಿಯ ಜರ್ಮ್ ಕೋಶಗಳಲ್ಲಿ ಮಾತ್ರ ಟೆಸ್ಟೋಸ್ಟೆರಾನ್ ರಿಸೆಪ್ಟರಿನ ಜೀನ್ ತೆಗೆದುಹಾಕಿದರೆ ಏನೂ ಆಗುವುದಿಲ್ಲ, ಆ ಗಂಡಿಲಿಗೆ ಮರಿಗಳಾಗುತ್ತವೆ. ಅದೇ ಜೀನನ್ನು ಸರ್ಟೋಲಿ ಕೋಶದಿಂದ ಮಾತ್ರ ತೆಗೆದರೆ ವೀರ್ಯಾಣು ಆಗುವ ಕೆಲಸ ಮಿಯಾಸಿಸ್‌ನಲ್ಲೇ ನಿಂತುಬಿಡುತ್ತದೆ. ಮಿಯಾಸಿಸ್ ಎಂದರೆ ವರ್ಣತಂತುಗಳು ಅರ್ಧಕ್ಕೆ ಇಳಿಯುವ ವಿಭಜನೆ. ಕುತೂಹಲದ ವಿಷಯ ಏನೆಂದರೆ, ಆ ಇಲಿಯಲ್ಲಿ ಮಿಯಾಸಿಸ್‌ಗೆ ಹಿಂದಿನ ಹಂತದ ಕೋಶಗಳು, ಅಂದರೆ ಸ್ಪರ್ಮಟೋಗೋನಿಯಾ, ಚೆನ್ನಾಗಿಯೇ ಇರುತ್ತವೆ.

ನನಗೆ ಇನ್ನೂ ಇಷ್ಟವಾದ ಸಾಕ್ಷಿ ಬೇರೆ ಇದೆ. ಮೇಷ್ಟ್ರು ಹೇಳಿದ ಆ ತೆವಳುವ ಕೋಶಗಳಲ್ಲಿ ಕೆಲವು ದಾರಿ ತಪ್ಪುತ್ತವೆ. ಪಕ್ಕದಲ್ಲಿರುವ ಅಡ್ರಿನಲ್ ಗ್ರಂಥಿಗೆ ಹೋಗಿ ಸೇರಿಕೊಳ್ಳುತ್ತವೆ. ಅಂಥ ಕೋಶ ಗಂಡು ಇಲಿಯದ್ದೇ ಆಗಿರಲಿ, ವೈ ವರ್ಣತಂತು ಹೊತ್ತಿರಲಿ, ಅಲ್ಲಿ ಕೂತು ಅಂಡಾಣುವಿನ ಹಾಗೆ ಬೆಳೆಯತೊಡಗುತ್ತದೆ. ಉಪಾಧ್ಯಾಯ ಮತ್ತು ಝಂಬೋನಿ ಎಂಬ ಸಂಶೋಧಕರು 1982ರಲ್ಲಿ ಇದನ್ನು ತೋರಿಸಿದರು. ಅಂದರೆ ಜರ್ಮ್ ಕೋಶ ಏನಾಗುತ್ತದೆ ಎಂಬುದನ್ನು ಅದರ ನೆರೆಹೊರೆಯೇ ಹೇಳುತ್ತದೆ.

ವೃಷಣದೊಳಗೆ ಈ ನೆರೆಹೊರೆ ಮಾಡುವ ಮೊದಲ ಕೆಲಸ ತಡೆಯುವುದು. ವಿಟಮಿನ್ ಎ ಇಂದ ಆಗುವ ರೆಟಿನೋಯಿಕ್ ಆಸಿಡ್ ಎಂಬ ವಸ್ತು ಜರ್ಮ್ ಕೋಶವನ್ನು ಮಿಯಾಸಿಸ್ ಕಡೆ ತಳ್ಳುತ್ತದೆ. ಭ್ರೂಣದ ಸರ್ಟೋಲಿ ಕೋಶ ಒಂದು ಕಿಣ್ವ ತಯಾರಿಸಿ ಆ ಆಸಿಡನ್ನು ಅಲ್ಲಲ್ಲೇ ಒಡೆದುಹಾಕುತ್ತದೆ. ಆ ಕಿಣ್ವ ಇಲ್ಲದ ಗಂಡಿಲಿಯಲ್ಲಿ ಜರ್ಮ್ ಕೋಶಗಳು ಗರ್ಭದಲ್ಲೇ ಆತುರಪಟ್ಟು ಮಿಯಾಸಿಸ್‌ಗೆ ಇಳಿದು, ಕೊನೆಗೆ ಸತ್ತುಹೋಗುತ್ತವೆ.

ಹೊಸ_ಅಮ್ಮ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರು ಬರೆದ ಕಿವಿಯ ಸಾಲನ್ನು ಮಲಗಿರುವ ಮಗನ ಪಕ್ಕ ಕೂತು ಎರಡು ಸಲ ಓದಿದೆ. ಆದರೆ ನನ್ನ ಮೊದಲ ಪ್ರಶ್ನೆ ಹಾಗೇ ಉಳಿಯಿತು. ಕಿವಿ ಇಲ್ಲದಿದ್ದರೆ ಕೂಗುವುದು ಯಾಕೆ? ದೇಹ ಸುಮ್ನೆ ಅಷ್ಟು ಹಾರ್ಮೋನು ಮಾಡುತ್ತದಾ?

ಇಲಿಮನೆ

ಸುಮ್ನೆ ಅಲ್ಲ ಮೇಡಂ. ಟೆಸ್ಟೋಸ್ಟೆರಾನ್‌ಗೆ ಕಿವಿ ಇಲ್ಲದಿರುವುದು ಸರ್ಟೋಲಿ ಕೋಶಕ್ಕೆ ಮಾತ್ರ. ನಳಿಕೆಯ ಹೊರಗೋಡೆಯ ಕೋಶಗಳಿಗೆ ಈಗಲೂ ಕೇಳಿಸುತ್ತದೆ. ಎಫ್‌ಎಸ್‌ಎಚ್ ಅಂತೂ ಸರ್ಟೋಲಿ ಕೋಶಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ. ಈ ಕೆಲವು ತಿಂಗಳಲ್ಲಿ ಎರಡು ದೊಡ್ಡ ಕೆಲಸ ನಡೆಯುತ್ತವೆ.

ಒಂದು, ಸರ್ಟೋಲಿ ಕೋಶಗಳು ಎಫ್‌ಎಸ್‌ಎಚ್ ಮಾತು ಕೇಳಿ ಸಂಖ್ಯೆಯಲ್ಲಿ ಹೆಚ್ಚುತ್ತವೆ. ಒಂದು ಸರ್ಟೋಲಿ ಕೋಶ ಇಷ್ಟೇ ಜರ್ಮ್ ಕೋಶಗಳನ್ನು ಸಾಕಬಲ್ಲದು ಎಂಬ ಮಿತಿ ಇದೆ. ಹರೆಯದಲ್ಲಿ ಬಲಿತ ಮೇಲೆ ಅವು ವಿಭಜನೆ ನಿಲ್ಲಿಸುತ್ತವೆ. ಆದ್ದರಿಂದ ದೊಡ್ಡವನಾದಾಗ ದಿನಕ್ಕೆ ಎಷ್ಟು ವೀರ್ಯಾಣು ಆಗಬಹುದು ಎಂಬುದರ ಬಹುಪಾಲು ಶೈಶವದಲ್ಲಿ ಮತ್ತು ಹರೆಯದ ಹೊಸ್ತಿಲಲ್ಲಿ ಸರ್ಟೋಲಿ ಕೋಶ ಎಷ್ಟು ಹೆಚ್ಚಿದವು ಎಂಬುದರ ಮೇಲೆ ನಿಂತಿದೆ.

ಎರಡನೆಯದು ಜರ್ಮ್ ಕೋಶ ಜಾಗ ಬದಲಿಸುವುದು. ಈ ಹಂತದಲ್ಲಿ ಅದರ ಹೆಸರು ಗೊನೋಸೈಟ್. ಹುಟ್ಟಿದ ದಿನದ ಇಲಿಮರಿಯ ವೃಷಣವನ್ನು ಸೀಳಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ನಳಿಕೆಯ ನಟ್ಟನಡುವೆ ದೊಡ್ಡ ದುಂಡನೆಯ ಕೋಶಗಳು ಕೂತಿರುತ್ತವೆ. ನಾಲ್ಕೈದು ದಿನ ಬಿಟ್ಟು ಇನ್ನೊಂದು ಮರಿಯದ್ದನ್ನು ನೋಡಿ. ನಡು ಖಾಲಿ. ಎಲ್ಲವೂ ಅಂಚಿಗೆ ಸರಿದು ಗೋಡೆಗೆ ಅಂಟಿ ಕೂತಿರುತ್ತವೆ. ಮೊದಲ ಸಲ ಈ ಎರಡು ಸ್ಲೈಡನ್ನು ಅಕ್ಕಪಕ್ಕ ಇಟ್ಟು ನೋಡಿದ ದಿನ ನನಗೆ ಊಟದ ನೆನಪಾಗಲಿಲ್ಲ. ಅಂಚಿಗೆ ಹೋದವು ಸ್ಪರ್ಮಟೋಗೋನಿಯಾ ಆಗುತ್ತವೆ, ಅವುಗಳಲ್ಲಿ ಕೆಲವು ಜೀವನಪೂರ್ತಿ ವೀರ್ಯಾಣು ಕೊಡುವ ಕಾಂಡಕೋಶಗಳಾಗಿ ಉಳಿಯುತ್ತವೆ. ನಡುವೆಯೇ ಉಳಿದವು ಸಾಯುತ್ತವೆ. ಮನುಷ್ಯರಲ್ಲಿ ಇದೇ ಸರಿದಾಟ ಮಿನಿಪ್ಯೂಬರ್ಟಿಯ ತಿಂಗಳುಗಳಲ್ಲಿ ಜೋರಾಗಿ ನಡೆಯುತ್ತದೆ.

ಅಂಚಿಗೆ ಬಂದ ಕಾಂಡಕೋಶವನ್ನು ಅಲ್ಲಿ ಉಳಿಸಿಕೊಳ್ಳುವುದೂ ನೆರೆಯವರೇ. ಜಿಡಿಎನ್‌ಎಫ್ ಎಂಬ ಪ್ರೋಟೀನನ್ನು ಸರ್ಟೋಲಿ ಕೋಶ ಮಾಡುತ್ತದೆ, ಹೊರಗೋಡೆಯ ಕೋಶಗಳೂ ಮಾಡುತ್ತವೆ. ಸರ್ಟೋಲಿಗೆ ಎಫ್‌ಎಸ್‌ಎಚ್, ಹೊರಗೋಡೆಗೆ ಟೆಸ್ಟೋಸ್ಟೆರಾನ್ ಅದನ್ನು ಮಾಡಲು ಹುರುಪು ಕೊಡುತ್ತವೆ. 2000ದಲ್ಲಿ ಇಲಿಗಳಲ್ಲಿ ಗೊತ್ತಾದದ್ದು: ಈ ಪ್ರೋಟೀನು ಕಡಿಮೆಯಾದರೆ ಕಾಂಡಕೋಶಗಳು ಕ್ರಮೇಣ ಖಾಲಿ, ಜಾಸ್ತಿಯಾದರೆ ಅವು ಬೆಳೆಯದೆ ರಾಶಿ ಬೀಳುತ್ತವೆ.

ಹಳೇ_ಮೇಷ್ಟ್ರು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಸರ್ಟೋಲಿ ಕೋಶ ಎಳೆಯದಾಗಿದೆಯಾ ಬಲಿತಿದೆಯಾ ಎಂದು ರಕ್ತ ಪರೀಕ್ಷೆಯಿಂದಲೇ ಹೇಳಬಹುದು. ಎಳೆ ಸರ್ಟೋಲಿ ಕೋಶ ಎಎಂಎಚ್ ಎಂಬ ಹಾರ್ಮೋನನ್ನು ಧಾರಾಳವಾಗಿ ಬಿಡುತ್ತದೆ. ಗರ್ಭದಲ್ಲಿ ಗಂಡುಮಗುವಿಗೆ ಗರ್ಭಕೋಶ ಬೆಳೆಯದಂತೆ ನೋಡಿಕೊಂಡದ್ದು ಇದೇ. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಮಾತು ಕೇಳಿಸಿದ ಮೇಲೆ ಎಎಂಎಚ್ ಇಳಿಯುತ್ತದೆ. ಮಿನಿಪ್ಯೂಬರ್ಟಿಯಲ್ಲಿ ಟೆಸ್ಟೋಸ್ಟೆರಾನ್ ಅಷ್ಟಿದ್ದರೂ ಎಎಂಎಚ್ ಇಳಿಯುವುದಿಲ್ಲ. ಕಿವಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಗುರುತು ಬೇಕಾ?

ಮಧ್ಯಾಹ್ನ_ಬಿಸಿಲು

ನಾನು ಇದನ್ನೆಲ್ಲ ಓದಿ ಸ್ವಲ್ಪ ಗೊಂದಲದಲ್ಲಿದ್ದೇನೆ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡರೆ ವೀರ್ಯಾಣು ಜಾಸ್ತಿ ಆಗುತ್ತದೆ ಎಂದು ನಮ್ಮ ಜಿಮ್‌ನಲ್ಲಿ ಎಲ್ಲರೂ ಹೇಳುತ್ತಾರೆ. ನಿಜಾನಾ?

ಮಕ್ಕಳ_ವಾರ್ಡ್

ದಯವಿಟ್ಟು ತಗೋಬೇಡಿ. ಪೂರ್ತಿ ಉಲ್ಟಾ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದ ಕೂಡಲೇ ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ನಿಲ್ಲಿಸುತ್ತದೆ. ಲೇಡಿಗ್ ಕೋಶ ಕೆಲಸ ಬಿಡುತ್ತದೆ. ವೃಷಣದ ಒಳಗೆ ಇರಬೇಕಾದ ಟೆಸ್ಟೋಸ್ಟೆರಾನ್ ರಕ್ತದಲ್ಲಿ ಇರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಸೂಜಿಯಿಂದ ರಕ್ತಕ್ಕೆ ಹಾಕಿದ್ದು ಆ ಮಟ್ಟವನ್ನು ಒಳಗೆ ಕೊಡುವುದಿಲ್ಲ. ಮೈಕಟ್ಟು ಬಂದಿರುತ್ತದೆ, ವೀರ್ಯಾಣು ಸೊನ್ನೆ ಆಗಿರುತ್ತದೆ.

ಮಧ್ಯಾಹ್ನ_ಬಿಸಿಲು

ನಿಜ ಹೇಳಿಬಿಡುತ್ತೇನೆ. ನಾನು ಈಗಾಗಲೇ ಏಳು ತಿಂಗಳು ತಗೊಂಡಿದ್ದೆ. ಮದುವೆಯಾಗಿ ಮಗು ಬೇಕು ಅಂದಾಗ ಪರೀಕ್ಷೆ ಮಾಡಿಸಿದರೆ ವೀರ್ಯಾಣು ಒಂದೂ ಇರಲಿಲ್ಲ. ನಿಲ್ಲಿಸಿ ಮೂರು ತಿಂಗಳಾಯಿತು. ಇನ್ನೂ ಸೊನ್ನೆಯೇ. ಹೆಂಡತಿಗೆ ಇನ್ನೂ ಕಾರಣ ಹೇಳಿಲ್ಲ.

ಮಕ್ಕಳ_ವಾರ್ಡ್

ಇಲ್ಲಿ ಹೇಳಿದ್ದೀರಿ, ಅದೇ ದೊಡ್ಡದು. ಇವತ್ತು ಮನೆಯಲ್ಲೂ ಹೇಳಿ. ಮೂರು ತಿಂಗಳಿಗೆ ಧೈರ್ಯ ಕಳೆದುಕೊಳ್ಳಬೇಡಿ. ಸ್ಪರ್ಮಟೋಗೋನಿಯಾ ಒಂದು ವೀರ್ಯಾಣು ಆಗಲು ಸುಮಾರು 74 ದಿನ ಬೇಕು. ಅದಕ್ಕೂ ಮೊದಲು ಪಿಟ್ಯುಟರಿ ಮತ್ತೆ ಎಚ್ಚರವಾಗಬೇಕು. ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಹೆಚ್ಚಿನವರಿಗೆ ವಾಪಸ್ ಬರುತ್ತದೆ. ಕಾಯುತ್ತಾ ಕೂರಬೇಡಿ, ಹಾರ್ಮೋನು ತಜ್ಞರನ್ನು ನೋಡಿ. ಎಲ್‌ಎಚ್‌ನ ಹಾಗೆ ಲೇಡಿಗ್ ಕೋಶವನ್ನು ಎಬ್ಬಿಸುವ ಎಚ್‌ಸಿಜಿ ಎಂಬ ಹಾರ್ಮೋನು, ಹೀಗೆ ಚಿಕಿತ್ಸೆಗಳಿವೆ. ಏನೇನು ತಗೊಂಡಿರಿ ಎಂದು ಅವರಿಗೆ ಮುಚ್ಚಿಡದೆ ಹೇಳಿ.

ಕಿಟಕಿ_ಸೀಟು

ಒಂದು ಪ್ರಶ್ನೆ ಮತ್ತೆ. ಸರ್ಟೋಲಿ ಕೋಶ ಹೆಚ್ಚುವುದನ್ನು ಎಫ್‌ಎಸ್‌ಎಚ್ ಶುರು ಮಾಡಿಸುತ್ತದೆ ಅಂದಿರಿ. ಸಾಕು, ಇನ್ನು ನಿಲ್ಲಿಸು ಎಂದು ಹೇಳುವವರು ಯಾರು?

ಇಲಿಮನೆ

ಈ ಪ್ರಶ್ನೆ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ. ಮುಖ್ಯವಾಗಿ ಥೈರಾಯ್ಡ್ ಹಾರ್ಮೋನು. ಕುತ್ತಿಗೆಯಲ್ಲಿರುವ ಗ್ರಂಥಿ ವೃಷಣದ ಗಾತ್ರ ನಿರ್ಧರಿಸುತ್ತದೆ ಎಂದರೆ ಮೊದಲು ನಾನೂ ನಂಬಿರಲಿಲ್ಲ.

1990ರ ದಶಕದ ಶುರುವಿನ ಒಂದು ಪ್ರಯೋಗದಲ್ಲಿ, ಆಗಷ್ಟೇ ಹುಟ್ಟಿದ ಹೆಗ್ಗಣ (ರ್ಯಾಟ್ ಎಂಬ ದೊಡ್ಡ ಇಲಿ) ಮರಿಗಳಿಗೆ ಮೂರು ವಾರಕ್ಕೂ ಸ್ವಲ್ಪ ಹೆಚ್ಚು ದಿನ ಥೈರಾಯ್ಡ್ ಅದುಮುವ ಔಷಧಿ ಕೊಟ್ಟು ನಿಲ್ಲಿಸಿದರು. ಮರಿಗಳ ಬೆಳವಣಿಗೆ ಕುಂಠಿತವಾಯಿತು, ವೃಷಣವೂ ಆಗ ಚಿಕ್ಕದೇ ಇತ್ತು. ಆದರೆ ಅವು ದೊಡ್ಡವಾದಾಗ ವೃಷಣ ಮಾಮೂಲಿಗಿಂತ ಸುಮಾರು 80 ಶೇಕಡಾ ದೊಡ್ಡದಾಗಿತ್ತು. ವೀರ್ಯಾಣು ಉತ್ಪತ್ತಿ ಎರಡು ಪಟ್ಟು ದಾಟಿತ್ತು. ಕಾರಣ ಇಷ್ಟೇ. ಥೈರಾಯ್ಡ್ ಹಾರ್ಮೋನು ಬಂದು "ಸಾಕು, ಬಲಿತುಕೋ" ಎಂದು ಹೇಳದ ಕಾರಣ ಸರ್ಟೋಲಿ ಕೋಶಗಳು ಇನ್ನಷ್ಟು ದಿನ ಎರಡು ನಾಲ್ಕಾಗುತ್ತಲೇ ಹೋದವು. ಕೋಶ ಹೆಚ್ಚಾದ್ದರಿಂದ ಸಾಕಬಲ್ಲ ಜರ್ಮ್ ಕೋಶವೂ ಹೆಚ್ಚಾಯಿತು.

ಇದನ್ನು ಓದಿ ಯಾರೂ ಬೇರೆ ಯೋಚನೆ ಮಾಡಬೇಡಿ. ಮಗುವಿನ ಮೆದುಳು ಬೆಳೆಯಲು ಥೈರಾಯ್ಡ್ ಹಾರ್ಮೋನು ಬೇಕೇ ಬೇಕು. ಹುಟ್ಟಿದ ಮಗುವಿಗೆ ಥೈರಾಯ್ಡ್ ಪರೀಕ್ಷೆ ಮಾಡುವುದು ಅದಕ್ಕೇ.

ಎರಡನೇ_ಸಾಲು

ನಾನು ಆರು ತಿಂಗಳ ಗರ್ಭಿಣಿ. ಪ್ಲಾಸ್ಟಿಕ್‌ನಲ್ಲಿರುವ ಥ್ಯಾಲೇಟ್ ಗಂಡುಮಗುವಿನ ಟೆಸ್ಟೋಸ್ಟೆರಾನ್ ಹಾಳು ಮಾಡುತ್ತದೆ ಎಂದು ಓದಿ ನಿದ್ದೆ ಬರುತ್ತಿಲ್ಲ. ಮೊದಲ ತಿಂಗಳುಗಳಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ಈಗ ತಡವಾಯಿತಾ?

ಇಲಿಮನೆ

ಮೊದಲು ನಿದ್ದೆ ಮಾಡಿ. ನಿಜವಾಗಿ ಹೇಳುತ್ತಿದ್ದೇನೆ.

ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಹೆಗ್ಗಣದ ಕಥೆ. ಬಸಿರಾದ ಹೆಗ್ಗಣಕ್ಕೆ ಕೆಲವು ಥ್ಯಾಲೇಟ್‌ಗಳನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಗಂಡು ಮರಿಯ ಟೆಸ್ಟೋಸ್ಟೆರಾನ್ ಕುಸಿಯುತ್ತದೆ, ವೃಷಣ ಇಳಿಯುವುದಿಲ್ಲ. ಜೊತೆಗೆ ಒಂದೇ ಕೋಶದೊಳಗೆ ಎರಡು ಮೂರು ನ್ಯೂಕ್ಲಿಯಸ್ ಇರುವ ವಿಚಿತ್ರ ಗೊನೋಸೈಟ್‌ಗಳು ಕಾಣುತ್ತವೆ. ಚಿಕ್ಕ ಇಲಿಗೆ ಅದನ್ನೇ ಕೊಟ್ಟರೆ ಟೆಸ್ಟೋಸ್ಟೆರಾನ್ ಬೀಳುವುದಿಲ್ಲ, ಆದರೆ ವಿಚಿತ್ರ ಗೊನೋಸೈಟ್‌ಗಳು ಮಾತ್ರ ಬರುತ್ತವೆ. ಮನುಷ್ಯ ಭ್ರೂಣದ ವೃಷಣದ ತುಣುಕನ್ನು ಇಲಿಯ ಚರ್ಮದಡಿ ನೆಟ್ಟು ಪರೀಕ್ಷಿಸಿದಾಗಲೂ ಚಿಕ್ಕ ಇಲಿಯ ಹಾಗೇ ಆಯಿತು. ಇದರಿಂದ ನಾನು ತಿಳಿದುಕೊಂಡದ್ದು ಎರಡು. ಹೆಗ್ಗಣದ ಹಾರ್ಮೋನು ಲೆಕ್ಕವನ್ನು ಹಾಗೇ ಎತ್ತಿ ಮನುಷ್ಯನಿಗೆ ಅಂಟಿಸಬಾರದು. ಹಾಗೆಂದು ಏನೂ ಆಗುವುದಿಲ್ಲ ಎಂದೂ ಹೇಳಬಾರದು, ಯಾಕೆಂದರೆ ಇಲ್ಲಿ ಪೆಟ್ಟು ಬೀಳುತ್ತಿರುವುದು ಟೆಸ್ಟೋಸ್ಟೆರಾನ್ ಮೂಲಕ ಅಲ್ಲ, ಗೊನೋಸೈಟನ್ನು ಅಪ್ಪಿಕೊಂಡಿರುವ ಸರ್ಟೋಲಿ ಕೋಶದ ಮೂಲಕ.

ಬಿಸಿ ಊಟವನ್ನು ಪ್ಲಾಸ್ಟಿಕ್‌ನಲ್ಲಿ ಹಾಕಬೇಡಿ, ಸಾಧ್ಯವಾದಷ್ಟು ಸ್ಟೀಲ್ ಅಥವಾ ಗಾಜು ಬಳಸಿ. ಅಷ್ಟು ಮಾಡಿ ನೆಮ್ಮದಿಯಾಗಿರಿ.

ಹಳೇ_ಮೇಷ್ಟ್ರು

ಪ್ಲಾಸ್ಟಿಕ್‌ಗಿಂತ ಎಷ್ಟೋ ಗಟ್ಟಿಯಾದ ಪಾಠ ಒಂದಿದೆ. ಡೈಇಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್. 1938ರಲ್ಲಿ ತಯಾರಾಯಿತು. ಗರ್ಭಪಾತ ತಡೆಯುತ್ತದೆ ಎಂಬ ನಂಬಿಕೆಯಿಂದ 1940ರ ದಶಕದಿಂದ ಗರ್ಭಿಣಿಯರಿಗೆ ಕೊಟ್ಟರು. 1971ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಗರ್ಭಿಣಿಯರಿಗೆ ಕೊಡಬೇಡಿ ಎಂದರು, ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಂಡುಬಂದದ್ದರಿಂದ. ಆ ತಾಯಂದಿರ ಗಂಡುಮಕ್ಕಳಲ್ಲಿ ಇಳಿಯದ ವೃಷಣ ಮತ್ತು ವೀರ್ಯನಾಳದ ಆರಂಭದಲ್ಲಿ ನೀರುಗುಳ್ಳೆ ಜಾಸ್ತಿ ಕಂಡವು. ಮಾತ್ರೆ ನುಂಗಿದ ತಾಯಂದಿರು ಡಾಕ್ಟರನ್ನು ನಂಬಿ ನುಂಗಿದ್ದರು. ಪಾಠದಲ್ಲಿ ಈ ಪುಟ ಬಂದಾಗ ಪ್ರತಿ ವರ್ಷ ನನಗೆ ಮನಸ್ಸು ಭಾರವಾಗುತ್ತದೆ.

ಹೊಸ_ಅಮ್ಮ

ನನ್ನ ಮಗನ ವಿಷಯಕ್ಕೆ ಬರಬಹುದಾ? ಆರು ತಿಂಗಳವರೆಗೆ ಕಾದು ನೋಡೋಣ, ಇಳಿಯದಿದ್ದರೆ ಆಪರೇಷನ್ ಎಂದಿದ್ದಾರೆ. ಅಷ್ಟು ಚಿಕ್ಕ ಮಗುವಿಗೆ ಅರಿವಳಿಕೆ ಕೊಡುವುದೆಂದರೆ ಭಯ. ಐದಾರು ವರ್ಷ ಆದ ಮೇಲೆ ಮಾಡಿಸಿದರೆ ಆಗಲ್ವಾ? ಹಾರ್ಮೋನು ಇಂಜೆಕ್ಷನ್ ಕೊಟ್ಟು ಇಳಿಸಬಹುದು ಎಂದು ಒಬ್ಬರು ಹೇಳಿದರು.

ಮಕ್ಕಳ_ವಾರ್ಡ್

ಮೇಡಂ, ನಾನು ಮಕ್ಕಳ ಶಸ್ತ್ರಚಿಕಿತ್ಸಕ. ನಿಮ್ಮ ಮಗನನ್ನು ನೋಡಿಲ್ಲ, ಆದ್ದರಿಂದ ಸಾಮಾನ್ಯವಾಗಿ ಎಲ್ಲರಿಗೂ ಹೇಳುವುದನ್ನೇ ಹೇಳುತ್ತೇನೆ.

ವೃಷಣ ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಅದು ಎರಡು ಹಂತದಲ್ಲಿ ಇಳಿಯುತ್ತದೆ. ಮೊದಲ ಹಂತಕ್ಕೆ ಲೇಡಿಗ್ ಕೋಶ ಬಿಡುವ ಐಎನ್‌ಎಸ್‌ಎಲ್3 ಎಂಬ ಹಾರ್ಮೋನು ಕಾರಣ. ಎರಡನೆಯದಕ್ಕೆ, ಅಂದರೆ ತೊಡೆಸಂದಿಯಿಂದ ಚೀಲಕ್ಕೆ ಬರುವುದಕ್ಕೆ, ಟೆಸ್ಟೋಸ್ಟೆರಾನ್. ಇದು ಗರ್ಭದ ಕೊನೆಯ ತಿಂಗಳುಗಳಲ್ಲಿ ನಡೆಯುವುದರಿಂದ ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಇಳಿಯದಿರುವುದು ಬಹಳ ಸಾಮಾನ್ಯ. ತುಂಬಿ ಹುಟ್ಟಿದವರಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಮಕ್ಕಳಲ್ಲಿ ಕಾಣುತ್ತೇವೆ. ಹುಟ್ಟಿದ ಮೇಲೂ ಮಿನಿಪ್ಯೂಬರ್ಟಿಯ ಟೆಸ್ಟೋಸ್ಟೆರಾನ್ ಇರುವಷ್ಟು ದಿನ ತಾನಾಗಿಯೇ ಇಳಿಯುವ ಅವಕಾಶ ಇದೆ. ನಿಮ್ಮ ಡಾಕ್ಟರು ಆರು ತಿಂಗಳು ಕಾಯೋಣ ಎಂದದ್ದು ಆ ಲೆಕ್ಕದಿಂದ. ಆಮೇಲೆ ಹಾರ್ಮೋನು ಇಳಿದುಹೋಗಿರುತ್ತದೆ, ತಾನಾಗಿ ಇಳಿಯುವುದು ಅಪರೂಪ.

ಐದಾರು ವರ್ಷ ಯಾಕೆ ಬೇಡ? ಇಲಿಮನೆಯವರು ಹೇಳಿದ ಆ ಸರಿದಾಟ ನೆನಪಿಸಿಕೊಳ್ಳಿ. ಚೀಲದೊಳಗೆ ಹೊಟ್ಟೆಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು. ಮೇಲೆ ಸಿಕ್ಕಿಕೊಂಡ ವೃಷಣದಲ್ಲಿ ಗೊನೋಸೈಟ್‌ಗಳು ಸ್ಪರ್ಮಟೋಗೋನಿಯಾ ಆಗುವುದು ಸರಿಯಾಗಿ ನಡೆಯುವುದಿಲ್ಲ. ವರ್ಷ ಕಳೆದಂತೆ ಜರ್ಮ್ ಕೋಶಗಳು ಕಡಿಮೆಯಾಗುತ್ತಾ ಹೋಗುತ್ತವೆ. ಐದು ವರ್ಷಕ್ಕೆ ಕೆಳಗಿಳಿಸಿದರೆ ವೃಷಣ ಕಾಣಲು ಸರಿಯಾಗಿರುತ್ತದೆ, ಒಳಗಿನ ಕೋಶಗಳು ವಾಪಸ್ ಬರುವುದಿಲ್ಲ. ಅದಕ್ಕೇ ಆರರಿಂದ 18 ತಿಂಗಳ ನಡುವೆ ಎನ್ನುತ್ತೇವೆ.

ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ. ಬದಲಾಗದೆ ಗೊನೋಸೈಟ್ ಆಗಿಯೇ ಉಳಿದುಬಿಟ್ಟ ಕೋಶ ಮುಂದೆ ಕ್ಯಾನ್ಸರ್‌ನ ಬೇರಾಗಬಹುದು. 1972ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಕಾಕೆಬೆಕ್ ಎಂಬ ವೈದ್ಯರು ವೃಷಣದ ಕ್ಯಾನ್ಸರ್‌ಗೆ ಮುಂಚಿನ ಕೋಶಗಳನ್ನು ಗುರುತಿಸಿದರು. ಅವು ಗೊನೋಸೈಟ್‌ಗಳನ್ನು ಹೋಲುತ್ತವೆ, ಅದೇ ಪ್ರೋಟೀನ್‌ಗಳನ್ನು ಹೊತ್ತಿರುತ್ತವೆ. 2007ರಲ್ಲಿ ಸ್ವೀಡನ್‌ನಿಂದ ಬಂದ ದೊಡ್ಡ ಅಧ್ಯಯನದಲ್ಲಿ, 13 ವರ್ಷಕ್ಕೆ ಮೊದಲು ಆಪರೇಷನ್ ಆದವರಿಗೆ ಈ ಕ್ಯಾನ್ಸರ್ ಸಾಧ್ಯತೆ ಮಾಮೂಲಿಗಿಂತ ಸುಮಾರು ಎರಡು ಪಟ್ಟು, ನಂತರ ಆದವರಿಗೆ ಐದು ಪಟ್ಟಿಗೂ ಹೆಚ್ಚು. ಹೆದರಬೇಡಿ, ಈ ಕ್ಯಾನ್ಸರ್ ಮೂಲತಃ ಅಪರೂಪ. ಎರಡು ಪಟ್ಟು ಎಂದರೂ ಚಿಕ್ಕ ಸಂಖ್ಯೆಯೇ.

ಇಳಿಸಲು ಹಾರ್ಮೋನು ಇಂಜೆಕ್ಷನ್ ಹಿಂದೆ ಕೊಡುತ್ತಿದ್ದರು. ಫಲ ಕಡಿಮೆ, ಇಳಿದದ್ದು ಮತ್ತೆ ಮೇಲೇರುವುದೂ ಇತ್ತು. ಈಗ ಹೆಚ್ಚಿನ ಮಾರ್ಗಸೂಚಿಗಳು ಬೇಡ ಎನ್ನುತ್ತವೆ. ಆಪರೇಷನ್ ನಂತರ ಜರ್ಮ್ ಕೋಶಗಳಿಗೆ ಸಹಾಯವಾಗಲಿ ಎಂದು ಕೆಲವರು ಕೊಡುತ್ತಾರೆ, ಅದರ ಬಗ್ಗೆ ನಮ್ಮೊಳಗೇ ಒಮ್ಮತ ಇಲ್ಲ. ಒಂದು ಬದಿ ಮಾತ್ರ ಇಳಿಯದವರು ಮುಂದೆ ತಂದೆಯಾಗುವ ಸಾಧ್ಯತೆ ಉಳಿದವರಿಗೆ ತುಂಬಾ ಹತ್ತಿರ ಇದೆ. ನಿಮ್ಮ ಮಗನ ಎಡಗಡೆಯದು ಸರಿ ಇದೆ ಅಲ್ವಾ, ಅದನ್ನು ಮರೆಯಬೇಡಿ.

ವಾಸನೆ_ಗೊತ್ತಿಲ್ಲ

ನಾನು ಇಲ್ಲಿ ಬರೆಯುವುದು ಕಡಿಮೆ. ಈ ಎಳೆ ನನ್ನದೇ ಕಥೆ ಅನ್ನಿಸಿತು.

ನನಗೆ ಹುಟ್ಟಿನಿಂದ ವಾಸನೆ ಗೊತ್ತಾಗುವುದಿಲ್ಲ. ಎರಡೂ ಬೀಜ ಇಳಿದಿರಲಿಲ್ಲ, ನಾಲ್ಕು ವರ್ಷಕ್ಕೆ ಆಪರೇಷನ್ ಆಯಿತು. 17 ಆದರೂ ದನಿ ಒಡೆಯಲಿಲ್ಲ, ಮೀಸೆ ಬರಲಿಲ್ಲ. "ಕೆಲವರಿಗೆ ತಡ" ಎಂದು ಹೇಳಿ ಎರಡು ಕಡೆ ವಾಪಸ್ ಕಳಿಸಿದರು. 20ಕ್ಕೆ ಒಬ್ಬ ಡಾಕ್ಟರು ಮೊದಲು ಕೇಳಿದ ಪ್ರಶ್ನೆ "ಕಾಫಿ ವಾಸನೆ ಬರುತ್ತದಾ" ಎಂದು. ಕಾಲ್‌ಮನ್ ಸಿಂಡ್ರೋಮ್. ಪಿಟ್ಯುಟರಿಯನ್ನು ಎಬ್ಬಿಸಬೇಕಾದ ನರಕೋಶಗಳು ಭ್ರೂಣದಲ್ಲಿ ಮೂಗಿನ ಜಾಗದಲ್ಲಿ ಹುಟ್ಟಿ, ವಾಸನೆಯ ನರಗಳ ಜೊತೆ ಮೆದುಳಿಗೆ ನಡೆದು ಹೋಗಬೇಕು. ನನ್ನಲ್ಲಿ ಅವು ತಲುಪಲಿಲ್ಲ. ಗರ್ಭದಲ್ಲಿ ಮೊದಲ ತಿಂಗಳುಗಳಲ್ಲಿ ಮಾಸಿನ ಎಚ್‌ಸಿಜಿ ಲೇಡಿಗ್ ಕೋಶವನ್ನು ನಡೆಸಿದ್ದರಿಂದ ಗಂಡಾಗಿ ಹುಟ್ಟಿದೆ. ಮಿನಿಪ್ಯೂಬರ್ಟಿ ನನಗೆ ಆಗಲೇ ಇಲ್ಲ.

ಮಗು ಬೇಕು ಎಂದಾಗ ನನ್ನ ಡಾಕ್ಟರು ಒಂದು ಮಾತು ಹೇಳಿದರು. ಮಣ್ಣು ಹದ ಮಾಡದೆ ಬಿತ್ತಿದರೆ ಬೆಳೆ ಬರುವುದಿಲ್ಲ, ಮೊದಲು ಹದ ಮಾಡೋಣ. ಹಾಗೆ ಹೇಳಿ ನಾಲ್ಕು ತಿಂಗಳು ಬರೀ ಎಫ್‌ಎಸ್‌ಎಚ್ ಇಂಜೆಕ್ಷನ್ ಕೊಟ್ಟರು. ಶೈಶವದಲ್ಲಿ ಹೆಚ್ಚದೆ ಉಳಿದ ಎಳೆ ಸರ್ಟೋಲಿ ಕೋಶಗಳು ಈಗ ಹೆಚ್ಚಲಿ ಎಂದು. ಆಮೇಲೆ ಎಚ್‌ಸಿಜಿ ಸೇರಿಸಿದರು, ಟೆಸ್ಟೋಸ್ಟೆರಾನ್ ಬಂತು. ಮೊದಲೇ ಎಚ್‌ಸಿಜಿ ಕೊಟ್ಟಿದ್ದರೆ ಟೆಸ್ಟೋಸ್ಟೆರಾನ್ ಬಂದು ಸರ್ಟೋಲಿ ಕೋಶಗಳು ಕಡಿಮೆ ಇರುವಾಗಲೇ ಬಲಿತು ನಿಲ್ಲುತ್ತಿದ್ದವಂತೆ. ವೀರ್ಯಾಣು ಕಾಣಿಸಲು ಒಂದೂವರೆ ವರ್ಷ ಹಿಡಿಯಿತು. ಸಂಖ್ಯೆ ಕಡಿಮೆಯೇ ಇತ್ತು. ನನ್ನ ಮಗಳಿಗೆ ಈಗ ಎರಡು ವರ್ಷ.

ಹೊಸ_ಅಮ್ಮ ಅವರೇ, ನಿಮ್ಮ ಮಗನ ರಿಪೋರ್ಟಿನಲ್ಲಿ ಆ ಸಂಖ್ಯೆ ಇರುವುದು ಎಷ್ಟು ಒಳ್ಳೆಯದು ಎಂದು ನಾನು ಹೇಳಬಲ್ಲೆ. ನಾನು ಮೂರು ತಿಂಗಳಿದ್ದಾಗ ಯಾರಾದರೂ ಆ ಪರೀಕ್ಷೆ ಮಾಡಿದ್ದರೆ ಖಾಲಿ ಇರುತ್ತಿತ್ತು, ಅವತ್ತೇ ಗೊತ್ತಾಗುತ್ತಿತ್ತು.

ಇಲಿಮನೆ

ಇದನ್ನು ಓದಿ ಕೂತಲ್ಲೇ ಕೂತುಬಿಟ್ಟೆ. ಎಫ್‌ಎಸ್‌ಎಚ್ ಮೊದಲು, ಟೆಸ್ಟೋಸ್ಟೆರಾನ್ ಆಮೇಲೆ ಎಂಬುದು ನನಗೆ ಇಷ್ಟು ದಿನ ಗ್ರಾಫಿನ ಎರಡು ಗೆರೆ ಆಗಿತ್ತು. ಈಗ ಅಂಥ ಮಕ್ಕಳನ್ನು ಶೈಶವದಲ್ಲೇ ಗುರುತಿಸಿ, ಮಿನಿಪ್ಯೂಬರ್ಟಿಯ ಕಾಲದಲ್ಲೇ ಎರಡೂ ಹಾರ್ಮೋನು ಕೊಡುವ ಪ್ರಯತ್ನ ಕೆಲವು ಕಡೆ ನಡೆದಿದೆ. ನಿಮ್ಮ ಮಗಳಿಗೆ ನನ್ನ ಪ್ರೀತಿ.

ಮಧ್ಯಾಹ್ನ_ಬಿಸಿಲು

ಮನೆಯಲ್ಲಿ ಹೇಳಿದೆ. ಸೋಮವಾರ ಹಾರ್ಮೋನು ತಜ್ಞರ ಅಪಾಯಿಂಟ್‌ಮೆಂಟ್ ಇದೆ, ಹೆಂಡತಿಯೂ ಬರುತ್ತಿದ್ದಾಳೆ.

ಹೊಸ_ಅಮ್ಮ — ಆರು ತಿಂಗಳ ನಂತರ

ಈ ಎಳೆಯನ್ನು ಮತ್ತೆ ಮೇಲಕ್ಕೆ ತರುತ್ತಿದ್ದೇನೆ, ಕ್ಷಮಿಸಿ. ಆರು ತಿಂಗಳಾದರೂ ಬಲಗಡೆಯದು ಇಳಿಯಲಿಲ್ಲ. ಹೋದ ವಾರ ಆಪರೇಷನ್ ಆಯಿತು. ತೊಡೆಸಂದಿಯಲ್ಲೇ ಸಿಕ್ಕಿತಂತೆ, ಸುಲಭವಾಗಿ ಕೆಳಗೆ ಬಂತು ಎಂದರು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದೆವು. ಮಾರನೇ ದಿನವೇ ಮಗ ಮಗ್ಗುಲಾಗಿ ತೆವಳಲು ಹೊರಟ, ಹಿಡಿದು ಕೂರಿಸುವುದೇ ಕಷ್ಟವಾಯಿತು.

ಆಪರೇಷನ್‌ಗೆ ಮೊದಲು ಸರ್ಜನ್ ಹತ್ತಿರ ಗೊನೋಸೈಟ್ ಅಂಚಿಗೆ ಸರಿಯುವುದರ ಬಗ್ಗೆ ಕೇಳಿದೆ. ಅವರು ಪೆನ್ನು ಕೆಳಗಿಟ್ಟು, ಕುರ್ಚಿ ಎಳೆದು ಕೂತು, ಕಾಲು ಗಂಟೆ ಮಾತಾಡಿದರು. ಹದಿನೈದು ದಿನಕ್ಕೆ ತೋರಿಸಲು ಹೋಗಬೇಕು. ಆಗ ಕೇಳಲು ಇನ್ನೂ ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ.